ಇಪ್ಪತ್ತು ವರ್ಷದ ಗುಡಿ

ಜಪಾನಿನ ಶಿಂತೋ ಧರ್ಮದವರಿಗೆ ಇಸೆಗಿಂತ ದೊಡ್ಡ ಕ್ಷೇತ್ರವಿಲ್ಲ. ಆದರೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಇಸೆಯ ಹೆಸರಿಲ್ಲ. ಅದರ ಗರ್ಭಗುಡಿ ಜಪಾನ್ ಸರ್ಕಾರ ‘ರಾಷ್ಟ್ರೀಯ ನಿಧಿ’ ಎಂದು ಘೋಷಿಸಿದ ಕಟ್ಟಡಗಳ ಸಾಲಿನಲ್ಲೂ ಇಲ್ಲ. ಇರುವುದಾದರೂ ಹೇಗೆ? ಈಗ ಅಲ್ಲಿ ನಿಂತಿರುವ ಗುಡಿ 2013ರದು. 2033ರಲ್ಲಿ ಪಕ್ಕದ ಖಾಲಿ ಜಾಗದಲ್ಲಿ ಅಂಥದೇ ಇನ್ನೊಂದು ಗುಡಿ ಎದ್ದು, ದೇವಿ ಅಲ್ಲಿಗೆ ಬಿಜಯಂಗೈದ ಮೇಲೆ ಇದನ್ನು ಬಿಚ್ಚಿಬಿಡುತ್ತಾರೆ. ಇಸೆಯಿಂದ ಪಶ್ಚಿಮಕ್ಕೆ, ನಾರಾ ಪ್ರಾಂತದ ಇಕರುಗದಲ್ಲಿ ಹೊರ್ಯೂಜಿ ಎಂಬ ಬೌದ್ಧ ವಿಹಾರವಿದೆ. ಅದರ ಮುಖ್ಯ ಮಂದಿರ ಮತ್ತು ಐದಂತಸ್ತಿನ ಗೋಪುರಗಳಿಗಿಂತ ಹಳೆಯ ಮರದ ಕಟ್ಟಡ ಜಗತ್ತಿನಲ್ಲಿ ಉಳಿದಿಲ್ಲ. 1993ರಲ್ಲಿ ಜಪಾನಿನಿಂದ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೊದಲ ತಾಣಗಳಲ್ಲಿ ಅದೂ ಒಂದು. ಈ ಎರಡನ್ನೂ ಒಟ್ಟಿಗೆ ನೋಡಿದಾಗ ಒಂದು ವಿಚಿತ್ರ ಕಾಣುತ್ತದೆ. ಎಲ್ಲವೂ ಅನಿತ್ಯವೆಂದು ಬೋಧಿಸುವ ಧರ್ಮ ಸಾವಿರದ ಮುನ್ನೂರು ವರ್ಷದ ಮರವನ್ನು ಜತನದಿಂದ ಕಾಯ್ದುಕೊಂಡು ಬಂದಿದೆ; ದೇವಿಯ ಸಾನ್ನಿಧ್ಯ ಎಂದೆಂದಿಗೂ ಹೊಸದಾಗಿರಲಿ ಎಂದು ಬೇಡುವ ಧರ್ಮ ಇಪ್ಪತ್ತು ವರ್ಷಕ್ಕೊಮ್ಮೆ ಅವಳ ಮನೆಯನ್ನೇ ಕಳಚಿಹಾಕುತ್ತದೆ.

ಪವಿತ್ರವಾದುದನ್ನು ಕಾಪಾಡುತ್ತೇವೆ ಎನ್ನುವಾಗ ನಾವು ಕಾಪಾಡುವುದು ಏನನ್ನು? ವಸ್ತುವನ್ನು ಎಂಬುದು ಒಂದು ಉತ್ತರ: ಆ ಕಲ್ಲು, ಆ ಮರ, ಆ ಕಾಲದ ಕೈ ಮುಟ್ಟಿದ ಆ ಮೇಲ್ಮೈ. ರೂಪವನ್ನು, ವಿದ್ಯೆಯನ್ನು, ಆಚರಣೆಯನ್ನು ಎಂಬುದು ಇನ್ನೊಂದು. ಪಶ್ಚಿಮದವರು ವಸ್ತುವಿಗೆ ಜೋತುಬಿದ್ದಿದ್ದಾರೆ, ಪೂರ್ವದವರಿಗೆ ಚೈತನ್ಯವೇ ಮುಖ್ಯ ಎಂಬ ಮಾತು ಈ ಚರ್ಚೆಯಲ್ಲಿ ತಿರುತಿರುಗಿ ಬಂದು ಹಳಸಿದೆ. ಹೊರ್ಯೂಜಿಯೊಂದೇ ಸಾಕು, ಆ ಮಾತನ್ನು ಸುಳ್ಳಾಗಿಸಲು. ನನ್ನ ಮಟ್ಟಿಗೆ ಇಸೆ ಮತ್ತು ಹೊರ್ಯೂಜಿ ಎರಡೂ ಒಂದೇ ಸಂಗತಿಯನ್ನು ತೋರಿಸುತ್ತವೆ. ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟುತ್ತಿರುವುದು ಒಂದು ಋಣ. ಹಿಂದಿನವರು ನಮಗಾಗಿ ಮಾಡಿದ್ದಾರೆ, ಆದ್ದರಿಂದ ಮುಂದಿನವರಿಗಾಗಿ ನಾವು ಮಾಡಬೇಕು ಎಂಬ ಹೊಣೆ. ಮರ, ರೂಪ, ಕೈಕೆಲಸದ ವಿದ್ಯೆ ಇವೆಲ್ಲ ಆ ಹೊಣೆಯನ್ನು ಹೊತ್ತು ತರುವ ವಾಹನಗಳು. ಒಂದು ಕೆಟ್ಟಾಗ ಇನ್ನೊಂದು ಹೊರುತ್ತದೆ. ಹೊಣೆಯೇ ಹೋದರೆ ಮಾತ್ರ ಉಳಿದ ಮೂರೂ ಇದ್ದು ಏನೂ ಉಳಿದಂತಾಗುವುದಿಲ್ಲ.

ಇಸೆಯಲ್ಲಿ ಮುಖ್ಯ ದೇಗುಲಗಳು ಎರಡು: ಸೂರ್ಯದೇವಿ ಅಮತೆರಾಸುವಿನ ಒಳದೇಗುಲ ನೈಕೂ, ಅವಳಿಗೆ ಅನ್ನ ಒದಗಿಸುವ ತೊಯೊಉಕೆ ದೇವಿಯ ಹೊರದೇಗುಲ ಗೆಕೂ. ಸುತ್ತಲಿನ ಚಿಕ್ಕಪುಟ್ಟ ಗುಡಿಗಳೆಲ್ಲ ಸೇರಿ ಒಟ್ಟು 125. ಶಿಕಿನೆನ್ ಸೆಂಗೂ ಎಂದು ಕರೆಯುವ ಈ ಪುನರ್ನಿರ್ಮಾಣವನ್ನು ಸಾಮ್ರಾಟ ತೆಮ್ಮು ಸಂಕಲ್ಪಿಸಿದ. ಅವನ ರಾಣಿಯಾಗಿದ್ದು ಮುಂದೆ ತಾನೇ ಪಟ್ಟವೇರಿದ ಜಿತೋ 690ರಲ್ಲಿ ಮೊದಲ ಬಾರಿಗೆ ನಡೆಸಿದಳು. 2013ರದು ಅರವತ್ತೆರಡನೆಯದು. ಕೆಲಸ ಎಂಟು ವರ್ಷ ಮೊದಲೇ ಶುರುವಾಗುತ್ತದೆ. 2033ರ ಗುಡಿಗಾಗಿ 2025ರ ಮೇ ತಿಂಗಳಲ್ಲೇ ಬೆಟ್ಟದ ಬುಡದ ದೇವತೆಗೆ ಪೂಜೆ ಸಲ್ಲಿಸಿ ಮರ ಕಡಿಯಲು ಅಪ್ಪಣೆ ಬೇಡಿದ್ದಾರೆ. ಹತ್ತು ಸಾವಿರಕ್ಕೂ ಹೆಚ್ಚು ಹಿನೋಕಿ ದಿಮ್ಮಿ ಬೇಕು. ಹಿನೋಕಿ ಎಂದರೆ ಜಪಾನಿನ ದೇವದಾರು ಎನ್ನಬಹುದಾದ ಸುವಾಸನೆಯ ಮರ. ಅದರ ಕಂಬಗಳನ್ನು ಅಡಿಗಲ್ಲಿಲ್ಲದೆ ನೇರವಾಗಿ ನೆಲದಲ್ಲಿ ಹೂಳುತ್ತಾರೆ. ಬಣ್ಣ ಬಳಿಯುವುದಿಲ್ಲ, ಮಾಡಿಗೆ ಹುಲ್ಲು ಹೊದಿಸುತ್ತಾರೆ. ಮಳೆಯ ನಾಡಿನಲ್ಲಿ ಹೀಗೆ ಹೂತ ಕಂಬದ ಬುಡ ಬೇಗ ಕುಂಬಾಗುತ್ತದೆಂದು ಯಾವ ಬಡಗಿಯೂ ಹೇಳಬಲ್ಲ. ಜಿತೋಳ ಕಾಲದವರಿಗೆ ಇದು ತಿಳಿಯದಿರಲಿಲ್ಲ. ಅದೇ ಯುಗದ ಹೊರ್ಯೂಜಿಯಲ್ಲಿ ಕಂಬಗಳು ಕಲ್ಲಿನ ಮೇಲೆ ನಿಂತಿವೆ, ಮಾಡಿನ ಮೇಲೆ ಹೆಂಚಿದೆ. ಬಾಳುವ ಕಟ್ಟಡ ಕಟ್ಟಲು ಬಲ್ಲ ಜನ ತಮ್ಮ ದೊಡ್ಡ ದೇವತೆಗೆ ಬಾಳದ ಕಟ್ಟಡವನ್ನು ಬೇಕೆಂದೇ ಆರಿಸಿಕೊಂಡರು.

ಹಾಗೆಂದು ಹಳೆಯ ಮರವನ್ನು ಯಾರೂ ಸೌದೆಗೆ ಹಾಕುವುದಿಲ್ಲ. ಎರಡೂ ದೇಗುಲಗಳಲ್ಲಿ ಮಾಡಿನ ನೆತ್ತಿಯ ತೊಲೆಯನ್ನು ಹೊತ್ತು ನಿಂತಿರುವ ಎರಡೆರಡು ಮಹಾಕಂಬಗಳಿವೆ. ಇಪ್ಪತ್ತು ವರ್ಷ ಗುಡಿಯ ಭಾರ ಹೊತ್ತ ಮೇಲೆ ಅವು ನೈಕೂಗೆ ಹೋಗುವ ಉಜಿ ಸೇತುವೆಯ ಎರಡು ತುದಿಗಳಲ್ಲಿ ತೊರೀ ಎಂಬ ಹೆಬ್ಬಾಗಿಲಾಗಿ ಇನ್ನಿಪ್ಪತ್ತು ವರ್ಷ ನಿಲ್ಲುತ್ತವೆ. ಅಲ್ಲಿಂದ ಮುಂದೆ ಇಸೆಗೆ ಬರುವ ಹಳೆಯ ಯಾತ್ರಾಮಾರ್ಗದ ಊರುಗಳಾದ ಸೆಕಿ ಮತ್ತು ಕುವಾನಾದಲ್ಲಿ ಮತ್ತೆ ಹೆಬ್ಬಾಗಿಲಾಗುತ್ತವೆ. ಉಳಿದ ಮರ ದೇಶದ ಬೇರೆ ಬೇರೆ ದೇಗುಲಗಳಿಗೆ, ಭೂಕಂಪದಲ್ಲಿ ಹಾಳಾದ ಕಡೆಗೂ, ಹಂಚಿಹೋಗುತ್ತದೆ. ಹೊಸ ಮರದ ಲೆಕ್ಕವೂ ಹೀಗೆಯೇ ಉದ್ದವಾದದ್ದು. ಇಸೆಯ ಸ್ವಂತ ಕಾಡು ಮಧ್ಯಯುಗದಲ್ಲೇ ಬರಿದಾಗಿ ಕಿಸೋ ಬೆಟ್ಟಗಳಿಂದ ಮರ ತರಬೇಕಾಯಿತು. 1923ರಲ್ಲಿ ದೇಗುಲದವರು ಇನ್ನೂರು ವರ್ಷದ ಯೋಜನೆ ಹಾಕಿ ತಮ್ಮ ಬೆಟ್ಟದಲ್ಲೇ ಹಿನೋಕಿ ನೆಟ್ಟರು. 2013ರ ಗುಡಿಗೆ ಬೇಕಾದ ಮರದಲ್ಲಿ ಐದನೆಯ ಒಂದು ಪಾಲಾದರೂ ಆ ಕಾಡಿನಿಂದ ಬಂತು. ಸುಮಾರು ಏಳು ನೂರು ವರ್ಷಗಳಲ್ಲಿ ಅದೇ ಮೊದಲು. ಮಹಾಕಂಬಗಳಿಗೆ ಬೇಕಾಗುವಷ್ಟು ದಪ್ಪ ಮರ ಅಲ್ಲಿ ಸಿಗುವುದು ಇಪ್ಪತ್ತೆರಡನೆಯ ಶತಮಾನದಲ್ಲಿ. ನೆಟ್ಟವರು ಅದನ್ನು ನೋಡುವುದಿಲ್ಲವೆಂದು ತಿಳಿದೇ ನೆಟ್ಟರು. ಒಂದು ಗುಡಿಗೆ ಹತ್ತು ಸಾವಿರ ದಿಮ್ಮಿ ದುಂದಲ್ಲವೇ ಎಂಬ ಆಕ್ಷೇಪಕ್ಕೆ ನನಗೆ ಇದಕ್ಕಿಂತ ಬೇರೆ ಉತ್ತರ ಬೇಕೆನಿಸುವುದಿಲ್ಲ.

ಮರದ ಕೆಲಸ ಇದರ ಅರ್ಧ ಮಾತ್ರ. ದೇವಿಯ ಉಡುಗೆ, ಆಯುಧ, ಮಗ್ಗ, ವಾದ್ಯ ಮುಂತಾಗಿ 714 ಬಗೆಯ 1,576 ವಸ್ತುಗಳನ್ನೂ ಪ್ರತಿ ಸಲ ಹೊಸದಾಗಿ ಮಾಡಿಸಬೇಕು. ಅವುಗಳಲ್ಲಿ ಒಂದು ಖಡ್ಗದ ಹಿಡಿಗೆ ಟೋಕಿ ಎಂಬ ಹಕ್ಕಿಯ ತಿಳಿಗೆಂಪು ಗರಿಗಳನ್ನು ಕೆಂಪು ನೂಲಿನಿಂದ ಬಿಗಿದು ಕಟ್ಟುವ ಪದ್ಧತಿಯಿದೆ. ಜಪಾನಿನ ಮೂಲ ಸಂತತಿಯ ಕೊನೆಯ ಟೋಕಿ 2003ರಲ್ಲಿ ಸತ್ತಿತು; ಚೀನಾ 1999ರಲ್ಲಿ ಕೊಟ್ಟ ಜೋಡಿಯಿಂದ ಬೆಳೆಸಿದ ಸಂತತಿ ಈಗ ಸಾದೋ ದ್ವೀಪದಲ್ಲಿ ಹಾರುತ್ತಿದೆ. ಒಂದು ಖಡ್ಗದ ಹಿಡಿ ಸರಿಯಾಗಿರಬೇಕಾದರೆ ಒಂದು ಜಾತಿಯ ಹಕ್ಕಿಯೇ ಬದುಕಿರಬೇಕು. ಎಲ್ಲ ಸಿದ್ಧವಾದ ಮೇಲೆ ಸ್ಥಳಾಂತರದ ರಾತ್ರಿ ಬರುತ್ತದೆ. 2013ರ ಅಕ್ಟೋಬರ್ 2ರಂದು ನೈಕೂದಲ್ಲಿ ದೀಪಗಳನ್ನು ಆರಿಸಿದರು. ಪುರೋಹಿತನೊಬ್ಬ ಕೋಳಿಯ ಹಾಗೆ ಮೂರು ಸಲ ಕೂಗಿದ. ಬಿಳಿ ರೇಷ್ಮೆಯ ತೆರೆಯ ಮರೆಯಲ್ಲಿ ದೇವಿಯ ಸಂಕೇತವನ್ನು ಹೊತ್ತು ಹಳೆಯ ಗುಡಿಯಿಂದ ಹೊಸ ಗುಡಿಗೆ ನಡೆದರು. ಇಷ್ಟೆಲ್ಲ ದುಡಿದ ಬಡಗಿಗಾಗಲಿ ನೇಕಾರನಿಗಾಗಲಿ ತೆರೆಯೊಳಗೆ ಏನಿದೆಯೆಂದು ಕಾಣುವುದಿಲ್ಲ. ಕಾಣಬೇಕೆಂಬ ಹಕ್ಕನ್ನು ಅವರು ಕೇಳುವುದೂ ಇಲ್ಲ.

ಇಲ್ಲಿ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ ಎದುರಾಗುತ್ತದೆ. ಪ್ರತಿಯೊಂದು ಹಲಗೆಯೂ ಹೊಸದಾದ ಮೇಲೆ ಇದು ಅದೇ ಗುಡಿಯೇ? ಗ್ರೀಕರು ಇದನ್ನು ಹಡಗಿನ ಬಗ್ಗೆ ಕೇಳಿದರು. ನಮ್ಮ ಕಡೆ ಮಿಲಿಂದಪನ್ಹದಲ್ಲಿ ಯವನ ದೊರೆಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದದಲ್ಲಿ ಇದು ರಥದ ರೂಪದಲ್ಲಿಯೂ ದೀಪದ ರೂಪದಲ್ಲಿಯೂ ಬರುತ್ತದೆ. ರಾತ್ರಿಯಿಡೀ ಉರಿದ ದೀಪದಲ್ಲಿ ಮೊದಲ ಜಾವದ ಜ್ವಾಲೆಯೂ ಕಡೆಯ ಜಾವದ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ ಎಂಬುದು ನಾಗಸೇನನ ನಿಲುವು. ಇಸೆಗೆ ಈ ಉತ್ತರ ಬಹಳ ಮಟ್ಟಿಗೆ ಒಪ್ಪುತ್ತದೆ, ಆದರೆ ಒಂದು ಕಡೆ ಸಾಲದು. ಜ್ವಾಲೆ ಎಣ್ಣೆ ಇರುವವರೆಗೆ ತನ್ನಷ್ಟಕ್ಕೆ ಮುಂದುವರಿಯುತ್ತದೆ, ಅದಕ್ಕೆ ಯಾರ ನಿರ್ಧಾರವೂ ಬೇಡ. ಇಸೆಯ ಗುಡಿ ತನ್ನಷ್ಟಕ್ಕೆ ಮುಂದುವರಿಯುವುದಿಲ್ಲ. ಪ್ರತಿ ಇಪ್ಪತ್ತು ವರ್ಷಕ್ಕೊಮ್ಮೆ ಅದು ನಿಂತೇಹೋಗಬಹುದಾದ ಘಟ್ಟಕ್ಕೆ ಬರುತ್ತದೆ. ಆಗ ಬದುಕಿರುವವರು ಮತ್ತೆ ಮನಸ್ಸು ಮಾಡಬೇಕು. ಬೌದ್ಧರ ಕ್ಷಣಿಕವಾದ ಕಾರ್ಯಕಾರಣದ ಸರಪಳಿಯನ್ನು ವಿವರಿಸುತ್ತದೆ. ಇಸೆಯ ಸರಪಳಿಯಲ್ಲಿ ಪ್ರತಿ ಕೊಂಡಿಯೂ ಒಬ್ಬರ ಒಪ್ಪಿಗೆ. ‘ಅದೇ ಗುಡಿಯೇ?’ ಎಂಬ ಪ್ರಶ್ನೆಗೆ ಮರವನ್ನು ಪರೀಕ್ಷಿಸಿ ಉತ್ತರ ಹೇಳಲಾಗದಿರುವುದು ಇದರಿಂದಲೇ. ಹಿಂದಿನವರ ಋಣ ತಮ್ಮದೆಂದು ಒಪ್ಪಿಕೊಂಡವರು ಕಟ್ಟಿದ್ದರೆ ಅದೇ ಗುಡಿ. ಇದೇ ಅಳತೆ, ಇದೇ ಮರ, ಇದೇ ಬಡಗಿಗಳನ್ನು ಬಳಸಿ ಯಾರೋ ಒಬ್ಬ ಧನಿಕ ತನ್ನ ತೋಟದಲ್ಲಿ ಕಟ್ಟಿಸಿದರೆ ಅದು ನಕಲು.

ಇಪ್ಪತ್ತೇ ವರ್ಷ ಏಕೆ ಎಂಬುದಕ್ಕೆ ಹಲವು ವಿವರಣೆಗಳಿವೆ: ಹುಲ್ಲುಮಾಡಿನ ಆಯುಸ್ಸು, ಕಾಲಗಣನೆ, ಶುದ್ಧಿಯ ಕಲ್ಪನೆ. ಮೂಲ ಕಾರಣ ಯಾವುದಿರಲಿ, ಅದರ ಫಲ ಎದ್ದು ಕಾಣುತ್ತದೆ. ಇಪ್ಪತ್ತರ ಹರೆಯದಲ್ಲಿ ಮರ ಹೊತ್ತು ಕೆಲಸ ನೋಡಿದವನು ನಲವತ್ತರಲ್ಲಿ ತಾನೇ ಕೆಲಸ ಮಾಡುತ್ತಾನೆ, ಅರವತ್ತರಲ್ಲಿ ಕಿರಿಯರಿಗೆ ಹೇಳಿಕೊಡುತ್ತಾನೆ. ಅವಧಿ ಅರವತ್ತು ವರ್ಷವಾಗಿದ್ದರೆ ವಿದ್ಯೆ ಕಾಗದಕ್ಕೆ ಸೇರುತ್ತಿತ್ತು. ಐದು ವರ್ಷವಾಗಿದ್ದರೆ ಬರೀ ದಿನಗೂಲಿಯ ಕೆಲಸವಾಗುತ್ತಿತ್ತು. ಬಡಗಿಗಳಿಗಷ್ಟೇ ಇದು ಮೀಸಲಲ್ಲ. ದಿಮ್ಮಿಗಳನ್ನು ಬಂಡಿಗೇರಿಸಿ ಹಗ್ಗ ಹಿಡಿದು ಊರ ಬೀದಿಯಲ್ಲಿ ಎಳೆಯುವವರು, ಹೊಳೆಯ ದಂಡೆಯಲ್ಲಿ ಬಿಳಿ ಉರುಟುಕಲ್ಲು ಆಯ್ದು ಹೊಸ ಗುಡಿಯ ಅಂಗಳಕ್ಕೆ ಹಾಸುವವರು ಇಸೆಯ ಕೇರಿಕೇರಿಯ ಜನ. ಗುಡಿಯಲ್ಲಿ ದೇವಿ ನೆಲೆಸಿದ ಮೇಲೆ ಆ ಅಂಗಳಕ್ಕೆ ಅವರು ಕಾಲಿಡುವಂತಿಲ್ಲ. ಕಲ್ಲು ಹಾಸುವ ಆ ಕೆಲವು ದಿನಗಳೇ ಅವರ ಪಾಲು.

ಇಷ್ಟು ಕೇಳಿದವರು ಕೇಳಬಹುದಾದ ಮೊದಲ ಪ್ರಶ್ನೆ: ಹೊಣೆಯೇ ಮುಖ್ಯವಾದರೆ ಹೊರ್ಯೂಜಿಯ ಹಳೆಯ ಮರಕ್ಕೆ ಇಷ್ಟೊಂದು ಕಷ್ಟಪಡುವುದೇಕೆ, ಅದನ್ನೂ ಬಿಚ್ಚಿ ಹೊಸದು ಕಟ್ಟಬಾರದೇಕೆ? ಉತ್ತರ ಅಲ್ಲಿನ ದುರಸ್ತಿಯ ಇತಿಹಾಸದಲ್ಲೇ ಇದೆ. 1934ರಲ್ಲಿ ಶುರುವಾದ ಹೊರ್ಯೂಜಿಯ ಮಹಾದುರಸ್ತಿ ಮುಗಿದದ್ದು 1985ರಲ್ಲಿ. ಕಟ್ಟಡಗಳನ್ನು ತುಂಡುತುಂಡಾಗಿ ಬಿಚ್ಚಿ, ಕೊಳೆತ ಭಾಗವನ್ನಷ್ಟೇ ಕೊರೆದು ತೆಗೆದು ಹೊಸ ಮರ ಕೂರಿಸಿ ಮತ್ತೆ ಜೋಡಿಸಿದರು. ಹೀಗೆ ಕೂರಿಸಿದ ತುಂಡಿನ ಮೇಲೆ ದುರಸ್ತಿಯ ವರ್ಷವನ್ನು ಕಾಯಿಸಿದ ಮುದ್ರೆಯಿಂದ ಒತ್ತುವುದು ಜಪಾನಿನ ದುರಸ್ತಿಗಾರರ ಪದ್ಧತಿ. ಯಾವುದು ಹಳೆಯದು, ಯಾವುದು ತಮ್ಮದು ಎಂಬುದು ಮುಂದೆ ಬಿಚ್ಚುವವರಿಗೆ ಗೊಂದಲವಾಗಬಾರದು. ಈ ಕೆಲಸದಲ್ಲಿ ಪಳಗಿದವರು ಬಡಗಿಗಳ ಮೇಸ್ತ್ರಿ ನಿಶಿಒಕ ತ್ಸುನೆಕಜು (1908–1995). ಹೊರ್ಯೂಜಿಯ ಕಂಬಗಳ ಮೇಲೆ ಎಳೆಎಳೆಯಾಗಿ ಅಲೆಯಂಥ ಗೀರುಗಳಿದ್ದವು. ಮಧ್ಯಯುಗದಲ್ಲಿ ಚೌಕಟ್ಟಿನ ಕೀಸುಳಿ ಬಂದ ಮೇಲೆ ಕೈಬಿಟ್ಟುಹೋಗಿದ್ದ ಯಾರಿಗನ್ನ ಎಂಬ ಭರ್ಜಿಯ ಮೊನೆಯಂಥ ಹತಾರದ ಗುರುತುಗಳವು. ಅದನ್ನು ಹಿಡಿಯಲು ಕಲಿಸುವ ಗುರುವೊಬ್ಬನೂ ಬದುಕಿರಲಿಲ್ಲ. ನಿಶಿಒಕ ಆ ಗೀರುಗಳನ್ನು ಓದಿಯೇ ಹತಾರವನ್ನು ಮತ್ತೆ ಮಾಡಿಸಿ, ಹಿಡಿಯುವ ಕೋನವನ್ನೂ ಎಳೆಯುವ ಬಲವನ್ನೂ ತಾವೇ ಕಂಡುಕೊಂಡರು. ಕೈಗಳು ಮರೆತದ್ದನ್ನು ಮರ ಐದಾರು ಶತಮಾನ ನೆನಪಿಟ್ಟುಕೊಂಡಿತ್ತು. ಹೊರ್ಯೂಜಿಯನ್ನು ಬಿಚ್ಚಿ ಹೊಸದು ಕಟ್ಟಿದ್ದರೆ ಈ ಪಾಠ ಬೂದಿಯಾಗುತ್ತಿತ್ತು. ಸರಣಿ ಕಡಿಯದೆ ನಡೆದ ಕಡೆ ವಿದ್ಯೆ ಮನುಷ್ಯನಲ್ಲಿದೆ, ಹಳೆಯ ಮರವನ್ನು ಬಿಟ್ಟುಕೊಡಬಹುದು. ಸರಣಿ ಕಡಿದ ಕಡೆ ಹಳೆಯ ಮರವೇ ಗುರು, ಅದನ್ನು ಬಿಟ್ಟುಕೊಡಲಾಗದು.

ಅದೇ ನಿಶಿಒಕ ನಾರಾದ ಯಾಕುಶಿಜಿ ವಿಹಾರದಲ್ಲಿ ನಾಲ್ಕು ಶತಮಾನಗಳಿಗೂ ಹಿಂದೆ ಸುಟ್ಟುಹೋಗಿದ್ದ ಪಶ್ಚಿಮದ ಗೋಪುರವನ್ನು 1981ರಲ್ಲಿ ಹೊಸದಾಗಿ ಎತ್ತಿದರು. ಎದುರಿಗೇ ಎಂಟನೆಯ ಶತಮಾನದ ಪೂರ್ವ ಗೋಪುರ ನಿಂತಿತ್ತು, ಅದೇ ಮಾದರಿ. ಆದರೂ ಹೊಸದನ್ನು ಹಳೆಯದಕ್ಕಿಂತ ತುಸು ಎತ್ತರ ಮಾಡಿದರು. ಮರ ಒಣಗಿ ನೆಲ ಕುಸಿದು ಶತಮಾನಗಳ ಮೇಲೆ ಎರಡೂ ಒಂದೇ ಎತ್ತರಕ್ಕೆ ಬರಲಿ ಎಂಬ ಲೆಕ್ಕ. ಇದಕ್ಕೆ ಮೊದಲು ಅಲ್ಲಿನ ಮುಖ್ಯ ಮಂದಿರ ಕಟ್ಟುವಾಗ ತಜ್ಞರು ಬೆಂಕಿಯ ಭಯದಿಂದ ಒಳಭಾಗಕ್ಕೆ ಕಾಂಕ್ರೀಟ್ ಬೇಕೆಂದು ಹಟ ಹಿಡಿದಿದ್ದರು. ಸಾವಿರ ವರ್ಷ ಬಾಳುವ ಹಿನೋಕಿಗೆ ನೂರು ವರ್ಷ ಬಾಳದ ಕಾಂಕ್ರೀಟಿನ ಆಸರೆಯೇ ಎಂದು ನಿಶಿಒಕ ವಿರೋಧಿಸಿದರು. ಕಡೆಗೆ ಕಾಂಕ್ರೀಟ್ ಬಂದೇ ಬಂತು. ತಜ್ಞರ ಭಯಕ್ಕೂ ಆಧಾರವಿತ್ತೆಂಬುದನ್ನು ಒಪ್ಪಬೇಕು. 1949ರ ಜನವರಿ 26ರಂದು ಹೊರ್ಯೂಜಿಯ ಮುಖ್ಯ ಮಂದಿರದಲ್ಲೇ ಬೆಂಕಿ ಬಿದ್ದು, ಅಜಂತೆಯ ಚಿತ್ರಗಳೊಂದಿಗೆ ವಿದ್ವಾಂಸರು ಹೋಲಿಸುತ್ತಿದ್ದ ಭಿತ್ತಿಚಿತ್ರಗಳು ಸುಟ್ಟು ಕರಕಲಾದವು. ಆ ಆಘಾತದಿಂದಲೇ ಮರುವರ್ಷ ಜಪಾನಿನ ಸಾಂಸ್ಕೃತಿಕ ಆಸ್ತಿಗಳ ರಕ್ಷಣಾ ಕಾನೂನು ಹುಟ್ಟಿತು. ಕಟ್ಟಡ, ವಿಗ್ರಹಗಳ ಜೊತೆಗೆ ನಾಟ್ಯ, ಸಂಗೀತ, ಕರಕುಶಲ ವಿದ್ಯೆಗಳನ್ನೂ ಕಾಪಾಡಬೇಕಾದ ಆಸ್ತಿ ಎಂದು ಹೇಳಿದ್ದು ಆ ಕಾನೂನಿನ ಹೆಚ್ಚುಗಾರಿಕೆ. 1954ರ ತಿದ್ದುಪಡಿಯ ನಂತರ ಈ ವಿದ್ಯೆ ಬಲ್ಲ ಕುಶಲಿಗಳನ್ನೇ ಗುರುತಿಸಿ ಗೌರವಧನ ಕೊಡುವ ಏರ್ಪಾಡು ಬಂತು. ಜನ ಅವರನ್ನು ‘ಜೀವಂತ ರಾಷ್ಟ್ರೀಯ ನಿಧಿ’ ಎನ್ನುತ್ತಾರೆ. 1994ರ ನವೆಂಬರಿನಲ್ಲಿ ನಾರಾದಲ್ಲಿ ಸೇರಿದ ತಜ್ಞರು, ಸ್ಮಾರಕದ ಅಸಲಿತನವನ್ನು ಆಯಾ ಸಂಸ್ಕೃತಿಯ ಒಳಗಿನಿಂದಲೇ ಅಳೆಯಬೇಕು, ಅದಕ್ಕೆ ವಸ್ತುವಿನ ಜೊತೆ ಬಳಕೆ, ತಂತ್ರ, ಸಂಪ್ರದಾಯ, ಭಾವಗಳೂ ಸಾಕ್ಷಿಯಾಗಬಹುದು ಎಂಬ ನಿರ್ಣಯಕ್ಕೆ ಬಂದದ್ದು ಇದರ ಮುಂದಿನ ಹೆಜ್ಜೆ.

ಎರಡನೆಯ ಆಕ್ಷೇಪ ಇನ್ನೂ ಹರಿತವಾದದ್ದು. ಸಾವಿರದ ಮುನ್ನೂರು ವರ್ಷದ ಅಖಂಡ ಪರಂಪರೆ ಎಂಬುದೇ ಕಟ್ಟುಕಥೆ ಎನ್ನುವವರಿದ್ದಾರೆ. ಅವರ ಕೈಯಲ್ಲಿ ಪುರಾವೆಯಿದೆ. ಅಂತರ್ಯುದ್ಧಗಳ ಕಾಲದಲ್ಲಿ ನೈಕೂದ ಪುನರ್ನಿರ್ಮಾಣ 1462ರ ನಂತರ ನಿಂತುಹೋಗಿ ಮತ್ತೆ ನಡೆದದ್ದು 1585ರಲ್ಲಿ. ಗೆಕೂದಲ್ಲಿ 1434ರಿಂದ 1563ರವರೆಗೆ ಇಲ್ಲ. ನೂರಿಪ್ಪತ್ತು ವರ್ಷಕ್ಕೂ ಮೀರಿದ ಈ ಅಂತರದಲ್ಲಿ, ಕೆಲಸವನ್ನು ಕಣ್ಣಾರೆ ಕಂಡ ಒಬ್ಬನೂ ಉಳಿದಿರಲಾರ. ಮತ್ತೆ ಕಟ್ಟಿದವರು ದಾಖಲೆಗಳನ್ನು ನೋಡಿ ಕಟ್ಟಿದರು. ಜಿತೋ ಕಂಡ ಗುಡಿಯೇ ಕೂದಲೆಳೆಯಷ್ಟೂ ಬದಲಾಗದೆ ಇಂದು ನಿಂತಿದೆ ಎಂದು ಯಾವ ಗಂಭೀರ ಇತಿಹಾಸಕಾರನೂ ಹೇಳುವುದಿಲ್ಲ. ಇದೆಲ್ಲ ನಿಜ. ಆದರೆ ಆ ಅಂತರವನ್ನು ದಾಟಿಸಿದವರು ಯಾರು? ಕೇಕೋ-ಇನ್ ಎಂಬ ಮಠದ ಬೌದ್ಧ ಸನ್ಯಾಸಿನಿಯರು. ಸೇಜುನ್ ಎಂಬಾಕೆ ಊರೂರು ತಿರುಗಿ ಹಣ ಕೂಡಿಸಿದ್ದರಿಂದ 1563ರಲ್ಲಿ ಗೆಕೂ ಎದ್ದಿತು. ಅವಳ ನಂತರದ ಶುಯೋ ಆ ಕಾಲದ ದಂಡನಾಯಕರಾದ ನೊಬುನಾಗ, ಹಿದೆಯೋಶಿಯರಿಂದಲೂ ನೆರವು ಪಡೆದು 1585ರಲ್ಲಿ ಎರಡನ್ನೂ ಕಟ್ಟಿಸಿದಳು. ಬೌದ್ಧ ಭಿಕ್ಷುಗಳಿಗೂ ಭಿಕ್ಷುಣಿಯರಿಗೂ ಇಸೆಯಲ್ಲಿ ಗರ್ಭಗುಡಿಯ ಸಮೀಪಕ್ಕೆ ಹೋಗಲು ಅವಕಾಶವಿರಲಿಲ್ಲ. ಅವರಿಗೆಂದೇ ದೂರದಲ್ಲಿ ಬೇರೆ ಜಾಗವಿತ್ತು. ಹತ್ತಿರ ಬರಗೊಡದ ದೇವಿಯ ಮನೆಯನ್ನು ಅವರು ಕಟ್ಟಿಸಿಕೊಟ್ಟರು. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗಲಾರದು. ವಿದ್ಯೆಯ ಸರಣಿ ಕಡಿದಿತ್ತು, ಕಟ್ಟಡ ಕುಸಿದಿತ್ತು, ಆಚಾರದ ಪ್ರಕಾರ ಅಧಿಕಾರವಿದ್ದವರು ಕೈಚೆಲ್ಲಿದ್ದರು. ಋಣ ತಮ್ಮದೆಂದು ಒಪ್ಪಿಕೊಂಡ ಇಬ್ಬರು ಹೆಂಗಸರಿಂದ ಪರಂಪರೆ ಮತ್ತೆ ಕೂಡಿಕೊಂಡಿತು.

ಈ ಕಥೆಗೆ ಕಹಿಯಾದ ಬಾಲವೂ ಇದೆ. 1868ರಲ್ಲಿ ಮೇಜಿ ಸರ್ಕಾರ ಶಿಂತೋವನ್ನೂ ಬೌದ್ಧವನ್ನೂ ಬೇರ್ಪಡಿಸಲು ಆಜ್ಞೆ ಮಾಡಿತು. ಇಸೆಯ ಸುತ್ತಲಿನ ವಿಹಾರಗಳು ಮುಚ್ಚಿದವು, ಕೇಕೋ-ಇನ್ ಕೂಡ. ಆ ಮಠದ ಕಟ್ಟಡ ಇಂದು ಇಸೆಯ ಪ್ರಧಾನ ಅರ್ಚಕಿಯ ಬಿಡಾರ. ಯಾತ್ರಿಕರನ್ನು ಮನೆಯಲ್ಲಿ ಇಳಿಸಿಕೊಂಡು, ಊರೂರಿಗೆ ತಿರುಗಿ ಇಸೆಯ ಮಹಿಮೆ ಹಬ್ಬಿಸುತ್ತಿದ್ದ ಒಷಿ ಎಂಬ ವಂಶಪಾರಂಪರ್ಯ ಪುರೋಹಿತರ ಪದ್ಧತಿಯನ್ನು 1871ರಲ್ಲಿ ರದ್ದು ಮಾಡಿದರು. 1830ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು ನಲವತ್ತು ಲಕ್ಷ ಜನರನ್ನು ಇಸೆಗೆ ಸೆಳೆದ ಜನಸಾಮಾನ್ಯರ ಭಕ್ತಿ ಪಕ್ಕಕ್ಕೆ ಸರಿದು, ಇಸೆ ಚಕ್ರವರ್ತಿಯ ಮತ್ತು ರಾಷ್ಟ್ರದ ದೇಗುಲವಾಯಿತು. ಮುಂದೆ ಯುದ್ಧೋನ್ಮಾದಕ್ಕೂ ಅದರ ಹೆಸರು ಬಳಕೆಯಾಯಿತು. ಪರಂಪರೆಯ ಹೊಣೆ ಎಂಬ ಮಾತು ಕೇಳಿದಾಗ ಹೆದರುವವರಿಗೆ ಹೆದರಲು ಕಾರಣವಿದೆ ಎನ್ನುವುದು ಇದಕ್ಕಾಗಿ. ಹಿಂದಿನವರ ಹೆಸರಿನಲ್ಲಿ ಹೊಣೆ ಹೊರಿಸುವವನು ಯಾರ ಹಿಂದಿನವರನ್ನು ಎಣಿಕೆಗೆ ತೆಗೆದುಕೊಂಡಿದ್ದಾನೆ, ಯಾರನ್ನು ಅಳಿಸಿದ್ದಾನೆ ಎಂಬುದನ್ನು ನೋಡದೆ ತಲೆಬಾಗುವುದು ಧರ್ಮವಾಗದು. ಸನ್ಯಾಸಿನಿಯರ ಹೆಸರು ಹೇಳದೆ ಅಖಂಡ ಪರಂಪರೆ ಎನ್ನುವುದು ಸಾಲವನ್ನು ಮುಚ್ಚಿಟ್ಟು ಆಸ್ತಿಯನ್ನಷ್ಟೇ ತೋರಿಸುವ ಲೆಕ್ಕ.

ಕನ್ನಡದ ಓದುಗರು ಎತ್ತಬಹುದಾದ ಆಕ್ಷೇಪ ಬೇರೆ. ಇಸೆಯ ಉದಾಹರಣೆ ಕೊಟ್ಟರೆ ನಮ್ಮ ಊರುಗಳ ಜೀರ್ಣೋದ್ಧಾರ ಸಮಿತಿಗಳಿಗೆ ಆನೆಬಲ ಬರುತ್ತದೆ ಎಂದು. ಹಳೆಯ ಕಲ್ಲಿನ ಗುಡಿಗೆ ಎಣ್ಣೆಬಣ್ಣ ಬಳಿಯುವುದು, ಕೆತ್ತನೆಯ ಮರದ ಮುಚ್ಚಿಗೆ ಕಿತ್ತು ಕಾಂಕ್ರೀಟಿನ ಮಂಟಪ ಹಾಕುವುದು, ಎಲ್ಲಕ್ಕೂ ನೆಪವಾಗಿ ‘ಹೊಸದು ಮಾಡುವುದೇ ಸಂಪ್ರದಾಯ’ ಎನ್ನುವುದು ಯಾರಿಗೆ ಗೊತ್ತಿಲ್ಲ? ನವೀಕರಣ ನಮ್ಮಲ್ಲೂ ಶಾಸ್ತ್ರಸಮ್ಮತ ಎಂಬುದು ಸರಿ. ಕರಾವಳಿಯಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶ ನಡೆಸುವ ವಾಡಿಕೆಯಿದೆ. ಪುರಿಯ ಜಗನ್ನಾಥನ ಮರದ ಮೂರ್ತಿಗಳೇ ನವಕಳೇಬರದಲ್ಲಿ ಬದಲಾಗುತ್ತವೆ, ಕಳೆದ ಸಲ ಅದು ನಡೆದದ್ದು 2015ರಲ್ಲಿ. ಆದರೆ ಇಸೆಯ ಪದ್ಧತಿಯಲ್ಲಿ ಕಟ್ಟುವವನಿಗೆ ಆಯ್ಕೆಯ ಸ್ವಾತಂತ್ರ್ಯ ಬಹಳ ಕಡಿಮೆ. ಹಳೆಯ ಗುಡಿ ಪಕ್ಕದಲ್ಲೇ ನಿಂತಿರುತ್ತದೆ, ಹೊಸದನ್ನು ಅದರ ಎದುರು ನಿಲ್ಲಿಸಿ ಅಳೆಯಬಹುದು. ದೇವಿ ಹೊಸ ಮನೆಗೆ ಹೋಗುವ ತನಕ ಹಳೆಯದರ ಒಂದು ಹಲಗೆಯನ್ನೂ ಕೀಳುವುದಿಲ್ಲ. ದಾನಿಯ ಇಷ್ಟಕ್ಕೆ ತಕ್ಕಂತೆ ಗೋಪುರ ಎತ್ತರವಾಗುವುದಿಲ್ಲ, ಅವನ ಹೆಸರು ಗೋಡೆಗೆ ಹತ್ತುವುದಿಲ್ಲ. ನಮ್ಮ ಸಮಿತಿಗಳು ಹೊಸತನಕ್ಕಾಗಿ ಇಸೆಯನ್ನು ಸಾಕ್ಷಿಗೆ ಕರೆಯುವುದಾದರೆ ಈ ಕಟ್ಟಳೆಗಳನ್ನೂ ಕರೆಯಬೇಕಾಗುತ್ತದೆ. ಆಗ ಎಷ್ಟು ಸಮಿತಿಗಳು ಮುಂದೆ ಬರುತ್ತವೆಯೋ ನೋಡಬೇಕು! ಹಾಗೆಯೇ ಹೊಯ್ಸಳರ ಕಲ್ಲಿನ ಗುಡಿಯಂಥ ಕಡೆ, ಕಡೆದವರ ಸರಣಿ ಎಂದೋ ಕಡಿದುಹೋಗಿರುವಲ್ಲಿ, ನಮಗೆ ದಾರಿ ತೋರಬೇಕಾದದ್ದು ಹೊರ್ಯೂಜಿ, ಇಸೆಯಲ್ಲ.

ಕಾನೂನಿಗೆ ಈ ಹೊಣೆಯನ್ನು ಕಾಪಾಡಲು ಎಷ್ಟು ಸಾಧ್ಯ? ಜಪಾನ್ ಈ ದಾರಿಯಲ್ಲಿ ಬೇರೆ ಯಾವ ದೇಶಕ್ಕಿಂತಲೂ ದೂರ ನಡೆದಿದೆ ಎಂದೇ ನನ್ನ ಅನಿಸಿಕೆ. ಹಳೆಯ ಗುಡಿ ಉಳಿಯಬೇಕಾದರೆ ಅದರ ಮಾಡಿಗೆ ಹಿನೋಕಿ ತೊಗಟೆ ಹೊದಿಸುವವನು ಬೇಕು; ಅವನಿಗೆ ತೊಗಟೆ ಸುಲಿದುಕೊಡುವವನು ಬೇಕು; ಎಪ್ಪತ್ತೆಂಬತ್ತು ವರ್ಷ ಬೆಳೆದ, ಸುಲಿದರೂ ಸಾಯದೆ ಎಂಟು ಹತ್ತು ವರ್ಷಕ್ಕೆ ಮತ್ತೆ ತೊಗಟೆ ಕಟ್ಟುವ ಮರದ ಕಾಡು ಬೇಕು. ಅಲ್ಲಿನ ಸರ್ಕಾರ 1975ರಿಂದ ಇಂಥ ರಕ್ಷಣಾ ತಂತ್ರಗಳನ್ನೂ ಅವುಗಳ ಕುಶಲಿಗಳನ್ನೂ ಗುರುತಿಸುತ್ತಿದೆ, 2006ರಿಂದ ಕಾಡುಗಳನ್ನೂ. ಮರದ ಕಟ್ಟಡಗಳ ಹದಿನೇಳು ವಿದ್ಯೆಗಳು 2020ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದವು. ಆದರೂ ಒಂದು ಗೆರೆಯ ಆಚೆ ಕಾನೂನು ಹೋಗಲಾರದು. ಇವಾತೆ ಪ್ರಾಂತದ ಕೊಕುಸೆಕಿಜಿ ವಿಹಾರದಲ್ಲಿ ಸಾವಿರ ವರ್ಷಕ್ಕೂ ಹಳೆಯದೆಂದು ಹೇಳುವ ಸೋಮಿನ್‌ಸೈ ಉತ್ಸವವಿತ್ತು. ಚಳಿಗಾಲದ ರಾತ್ರಿ ಅರೆಬೆತ್ತಲೆ ಗಂಡಸರು ಮಂತ್ರಿಸಿದ ತಾಯಿತಗಳ ಚೀಲಕ್ಕಾಗಿ ಸೆಣಸುತ್ತಿದ್ದರು. ಸರ್ಕಾರದ ಜಾನಪದ ಆಸ್ತಿಗಳ ದಾಖಲೆಯಲ್ಲೂ ಅದಿತ್ತು, ನೋಡಲು ಬರುವ ಜನಕ್ಕೂ ಬರವಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಅದು ಕೊನೆಯ ಬಾರಿಗೆ ನಡೆಯಿತು. ಸಿದ್ಧತೆಯ ಹೊಣೆ ಹೊತ್ತಿದ್ದ ಮನೆತನಗಳಲ್ಲಿ ಮುದುಕರಷ್ಟೇ ಉಳಿದಿದ್ದರು. ಉತ್ಸವ ನಿಲ್ಲಿಸಿ ಪ್ರಾರ್ಥನೆಯನ್ನು ಬೇರೆ ರೀತಿಯಲ್ಲಿ ಮುಂದುವರಿಸುವುದಾಗಿ ವಿಹಾರವೇ ಹೇಳಿತು. ಅದೇ ತಿಂಗಳಲ್ಲಿ ಐಚಿ ಪ್ರಾಂತದ ಕೊನೊಮಿಯ ದೇಗುಲದ ಇಂಥದೇ ಉತ್ಸವದಲ್ಲಿ ಹೆಂಗಸರು ಮೊದಲ ಬಾರಿಗೆ ಗುಂಪಾಗಿ ಬಿದಿರಿನ ಕಾಣಿಕೆ ಹೊತ್ತು ಸೇರಿಕೊಂಡರು. ಒಂದು ಕಡೆ ಹೊರುವವರಿಲ್ಲದೆ ನಿಂತಿತು. ಇನ್ನೊಂದು ಕಡೆ, ಹೊರುತ್ತೇವೆಂದು ಬಂದವರಿಗೆ ದೇಗುಲ ಜಾಗ ಬಿಟ್ಟಿತು. ಎರಡನ್ನೂ ನಿರ್ಧರಿಸಿದ್ದು ಪಟ್ಟಿಗಳಲ್ಲ.

ಇಸೆಯ ವಿಷಯದಲ್ಲಿ ಈ ಗೆರೆಯನ್ನು ಸಂವಿಧಾನವೇ ಎಳೆದಿದೆ. 1947ರಿಂದ ಜಾರಿಯಲ್ಲಿರುವ ಸಂವಿಧಾನದ ಪ್ರಕಾರ ಸರ್ಕಾರದ ಹಣವನ್ನು ಧಾರ್ಮಿಕ ಸಂಸ್ಥೆಗೆ ಬಳಸುವಂತಿಲ್ಲ. ಯುದ್ಧಕ್ಕೆ ಮುಂಚೆ ಖಜಾನೆಯಿಂದ ನಡೆಯುತ್ತಿದ್ದ ಸೆಂಗೂ ಆಗ ಅನಾಥವಾಯಿತು. 1949ರಲ್ಲಿ ಆಗಬೇಕಿದ್ದದ್ದು ಆಗಲಿಲ್ಲ. ಸೇತುವೆಯನ್ನಾದರೂ ಕಟ್ಟೋಣವೆಂದು ಉಜಿ ಸೇತುವೆಯೊಂದನ್ನು ಆ ವರ್ಷ ಹೊಸದಾಗಿ ಕಟ್ಟಿದರು. ಗುಡಿ ಎದ್ದದ್ದು 1953ರಲ್ಲಿ, ಜನರ ದೇಣಿಗೆಯಿಂದ. ಗುಡಿಗಿಂತ ನಾಲ್ಕು ವರ್ಷ ಮೊದಲೇ ಸೇತುವೆ ಕಟ್ಟುವ ಈಗಿನ ಕ್ರಮ ಆ ಬಡತನದ ನೆನಪು. ಐವತ್ತು ಅರವತ್ತು ವರ್ಷದಲ್ಲಿ ಅದೂ ಸಂಪ್ರದಾಯವಾಗಿದೆ. 2013ರ ವೆಚ್ಚ ಸುಮಾರು 5,500 ಕೋಟಿ ಯೆನ್, ಅದರಲ್ಲಿ ಸರ್ಕಾರದ ಬಿಡಿಗಾಸಿಲ್ಲ. ಆ ರಾತ್ರಿಯ ವಿಧಿಗೆ ಪ್ರಧಾನಿ ಶಿಂಜೊ ಅಬೆ ಹಾಜರಾದದ್ದೇ ವಿವಾದವಾಯಿತು. 1929ರ ನಂತರ ಯಾವ ಪ್ರಧಾನಿಯೂ ಹಾಗೆ ಹೋಗಿರಲಿಲ್ಲ. ಖಜಾನೆಯ ನೆರವು ತಪ್ಪಿದ್ದು ಇಸೆಗೆ ನಷ್ಟವೆಂದು ಅಲ್ಲಿ ಕೆಲವರು ಇಂದಿಗೂ ಕೊರಗುತ್ತಾರೆ. ನನಗೆ ಹಾಗನಿಸುವುದಿಲ್ಲ. ಖಜಾನೆಯಿಂದ ಬಂದಾಗ ಅದು ಪ್ರಜೆಗಳ ಮೇಲೆ ಹೇರಿದ ತೆರಿಗೆ. ಸೇಜುನ್, ಶುಯೋರ ಕಾಲದಲ್ಲೂ 1953ರಲ್ಲೂ ಅದು ಕೇಳಿ ಪಡೆದ ಕಾಣಿಕೆ. ಕೊಡದಿರುವ ಸ್ವಾತಂತ್ರ್ಯ ಇರುವವನು ಕೊಟ್ಟಾಗಲೇ ಋಣ ತೀರಿಸಿದಂತಾಗುವುದು. ದಿಮ್ಮಿ ಎಳೆಯುವ ಉತ್ಸವಕ್ಕೆ ಈಗ ಇಸೆಯವರೇ ಅಲ್ಲದೆ ದೇಶದ ಬೇರೆ ಊರುಗಳಿಂದ ಬಂದವರನ್ನೂ ಒಂದು ದಿನದ ಮಟ್ಟಿಗೆ ದೇವಭೂಮಿಯ ಒಕ್ಕಲೆಂದು ಸೇರಿಸಿಕೊಂಡು ಹಗ್ಗ ಕೊಡುತ್ತಾರೆ. ಬಂದವರಲ್ಲಿ ಯಾರು ಭಕ್ತರು, ಯಾರು ಪ್ರವಾಸಿಗಳು ಎಂದು ವಿಂಗಡಿಸುವ ಗೋಜಿಗೆ ಹೋಗುವುದಿಲ್ಲ. ಹಗ್ಗ ಹಿಡಿದು ಎಳೆಯಬೇಕು, ಅಷ್ಟೇ.